ಮಲೆನಾಡಿನ ಇತಿಹಾಸ-ಸಂಸ್ಕೃತಿ ಅಂತ ಮೈನರ್ ಶುರು ಮಾಡ್ತಿದೀವಿ, ಸಿಲೆಬಸ್ ಹೇಗೆ ಮಾಡೋದು?

ಹಿಸ್ಟರಿ_ಮೇಡಂ
ನಮಸ್ಕಾರ ಎಲ್ರಿಗೂ. ಶಿವಮೊಗ್ಗ ಜಿಲ್ಲೆಯ ಒಂದು ಆಟೋನಮಸ್ ಕಾಲೇಜಲ್ಲಿ ಹಿಸ್ಟರಿ ಪಾಠ ಮಾಡ್ತೀನಿ. ಮಲೆನಾಡಿನ ಇತಿಹಾಸ, ಸಂಸ್ಕೃತಿ ಬಗ್ಗೆ ಒಂದು ಮೈನರ್ (ಮೇನ್ ಸಬ್ಜೆಕ್ಟ್ ಜೊತೆ ತಗೊಳ್ಳೋ ಉಪವಿಷಯ) ಮಾಡೋಕೆ ಪ್ರಿನ್ಸಿಪಾಲ್ರು ಒಪ್ಕೊಂಡಿದಾರೆ, ಡ್ರಾಫ್ಟ್ ಬರೆಯೋ ಕೆಲಸ ನಂದು. ಯುಜಿಸಿ ಫ್ರೇಮ್‌ವರ್ಕಲ್ಲಿ ಮೂರು ವರ್ಷದ ಡಿಗ್ರಿಗೆ ಮೈನರ್ 24 ಕ್ರೆಡಿಟ್, ಅಂದ್ರೆ 4 ಕ್ರೆಡಿಟ್‌ನ 6 ಪೇಪರ್. ಮೀಟಿಂಗ್ ಕರೆದ್ರೆ ಹಿಸ್ಟರಿಗೆ ಎರಡು, ಕನ್ನಡಕ್ಕೆ ಎರಡು, ಜಿಯಾಗ್ರಫಿಗೆ ಒಂದು, ಸೋಷಿಯಾಲಜಿಗೆ ಒಂದು ಅಂತ ಅಣ್ಣತಮ್ಮಂದಿರು ಆಸ್ತಿ ಹಂಚ್ಕೊಂಡ ಹಾಗೆ ಹಂಚ್ಕೊಂಡು ಎದ್ದು ಹೋದ್ರು. ಒಂದು ಪೇಪರ್‌ಗೂ ಇನ್ನೊಂದಕ್ಕೂ ಸಂಬಂಧನೇ ಇಲ್ಲ. ನನ್ನ ಪೇಪರ್ ನೋಡಿದ್ರೂ ಅಷ್ಟೇ, ಕೆಳದಿ ಅರಸರು 1499ರಿಂದ 1763 ಅಂತ ಒಂದು ಯೂನಿಟ್, ಅದನ್ನ ಮಕ್ಕಳು ಪಿಯುಸಿಲೇ ಬಾಯಿಪಾಠ ಮಾಡಿ ಬಂದಿರ್ತಾರೆ. ತಾಳಗುಂದದ ಪಕ್ಕದ ಊರಿಂದ ದಿನಾ ಬಸ್ಸಲ್ಲಿ ಬರೋ ಹುಡುಗ ಅಲ್ಲಿನ ಕದಂಬರ ಶಾಸನದ ಕಂಬ ಇವತ್ತಿನವರೆಗೂ ನೋಡಿಲ್ಲ. ಬಿಕಾಂ, ಬಿಎಸ್ಸಿ ಮಕ್ಕಳೂ ತಗೊಳ್ಳೋ ಹಾಗಿರ್ಬೇಕು ಅಂತ ನನ್ನ ಆಸೆ. ಯಾರಾದ್ರೂ ಇಂಥದ್ದು ಮಾಡಿದ್ರೆ ದಯವಿಟ್ಟು ಹೇಳಿ.

ನಿವೃತ್ತ_ಮೇಷ್ಟ್ರು
ಮೇಡಂ, ಸಬ್ಜೆಕ್ಟ್ ಹಿಡ್ಕೊಂಡು ಪೇಪರ್ ಮಾಡ್ಬೇಡಿ, ಜಾಗ ಹಿಡ್ಕೊಂಡು ಮಾಡಿ. ನೀವೇ ಹೇಳಿದ್ರಲ್ಲ ತಾಳಗುಂದದ ಕಂಬ, ಅದನ್ನೇ ತಗೊಳ್ಳಿ. ಕದಂಬ ವಂಶ ಕಟ್ಟಿದ ಮಯೂರಶರ್ಮ ಕಂಚಿಗೆ ಓದೋಕೆ ಹೋಗಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿ ಕತ್ತಿ ಹಿಡಿದ ಕಥೆ ನಮಗೆ ಸಿಕ್ಕಿರೋದು ಅಲ್ಲಿಂದನೇ. ಆದ್ರೆ ಕಂಬ ನಿಲ್ಲಿಸಿದ್ದು ಆ ಕಥೆ ಹೇಳೋಕಲ್ಲ, ಅದೇ ವಂಶದ ರಾಜ ಕಾಕುಸ್ಥವರ್ಮ ದೇವಸ್ಥಾನದ ಹತ್ರ ಮಾಡಿಸಿದ ಕೆರೆ ಬಗ್ಗೆ, ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಅನ್ನೋ ಕವಿ ಸಂಸ್ಕೃತ ಪದ್ಯದಲ್ಲಿ ಬರೆದದ್ದು. ಕೆರೆ ಅಂದ್ಮೇಲೆ ಜಿಯಾಗ್ರಫಿಯವರು ಬಂದೇ ಬರ್ಬೇಕು, ಪದ್ಯಕ್ಕೆ ಭಾಷೆಯವರು ಬೇಕು, ಜಗಳ ಯಾಕಾಯ್ತು ಅನ್ನೋದಕ್ಕೆ ನೀವು. ಮೂರು ಜನ ಒಟ್ಟಿಗೆ ಹೋಗಿ ಅಲ್ಲೇ ನಿಂತು ಪಾಠ ಮಾಡಿ.
ಅಲ್ಲಿಂದ ಬಳ್ಳಿಗಾವಿ ಹತ್ರನೇ. ಕೋಡಿಮಠದ 1162ರ ಶಾಸನ ಮಕ್ಕಳ ಕೈಲೇ ಓದಿಸಿ. ನಾಲ್ಕು ವೇದ, ಪಾಣಿನೀಯ, ಶಾಕಟಾಯನ ವ್ಯಾಕರಣ, ನ್ಯಾಯ, ಸಾಂಖ್ಯ, ಬೌದ್ಧ ದರ್ಶನ, ಕಾವ್ಯ ನಾಟಕ ಎಲ್ಲ ಒಂದೇ ಮಠದಲ್ಲಿ ಓದಿಸ್ತಿದ್ರು, ಅದೇ ಮಠ ದೀನ ಅನಾಥರಿಗೆ ಅನ್ನ ಹಾಕ್ತಿತ್ತು, ರೋಗಿಗಳಿಗೆ ಔಷಧಿ ಕೊಡ್ತಿತ್ತು ಅಂತಿದೆ. ನಿಮ್ಮ ಮೀಟಿಂಗಲ್ಲಿ ಮೊದ್ಲು ಇದನ್ನೇ ಓದಿ ಹೇಳಿ.

ಸಾಗರದ_ಹುಡುಗಿ
ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ಬರೀ ಕಲ್ಲು ದೇವಸ್ಥಾನದಲ್ಲೇ ನಿಲ್ಬೇಡಿ ಮೇಡಂ. ನಾನು ದೀವರ ಸಮುದಾಯದ ಮನೆಯವಳು. ನಮ್ಮಜ್ಜಿ ಭೂಮಿ ಹುಣ್ಣಿಮೆ ಬಂತು ಅಂದ್ರೆ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಹಿಡಿದು ಚಿತ್ತಾರದ ಗೆರೆ ಎಳೀತಿದ್ರು, ಸ್ಕೇಲು ಪೆನ್ಸಿಲು ಏನೂ ಇಲ್ದೆ, ಉಸಿರು ಬಿಗಿ ಹಿಡಿದು ಒಂದೇ ಎಳೆತ. ಬೆಳಗಿನ ಜಾವ ಅದೇ ಬುಟ್ಟೀಲಿ ಚರಗ (ಭೂಮಿಗೆ ಬೀರೋ ಎಡೆ) ತಗೊಂಡು ಗದ್ದೆಗೆ ಹೋಗೋದು. ಅದಕ್ಕೆ ಹಾಕೋ ಕಾಡಿನ ಸೊಪ್ಪು, ಕುಡಿ ಎಲ್ಲ ಗುರುತು ಹಿಡಿಯೋದೇ ನಿಮ್ಮ ಬಾಟನಿ ಮಕ್ಕಳಿಗೆ ಒಂದು ಸೆಮಿಸ್ಟರ್ ಕೆಲಸ.
ಇನ್ನು ಬಿಕಾಂ ಮಕ್ಕಳಿಗೆ ಏನು ಅಂದ್ರಲ್ಲ, 1951ರ ಕಾಗೋಡು ಗೇಣಿದಾರರ ಸತ್ಯಾಗ್ರಹ ಕೊಡಿ. ಅಲ್ಲಿ ಜಗಳ ಎದ್ದಿದ್ದೇ ಗೇಣಿ ಅಳೆಯೋ ಕೊಳಗದ ಮೇಲೆ, ಒಡೆಯರ ಕೊಳಗ ದೊಡ್ಡದು, ಅಳೆದಷ್ಟೂ ಗೇಣಿದಾರನಿಗೇ ಲಾಸು. ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆಗಿದ್ದು ಪುಸ್ತಕದಲ್ಲಿ ಇರುತ್ತೆ, ಒಂದು ಕೊಳಗದಲ್ಲಿ ಎಷ್ಟು ಸೇರು ಜಾಸ್ತಿ ಹೋದ್ರೆ ಒಂದು ಮನೆ ವರ್ಷದ ಊಟ ಎಷ್ಟು ಕಮ್ಮಿ ಆಗುತ್ತೆ ಅಂತ ಮಕ್ಕಳು ಕೂತು ಲೆಕ್ಕ ಹಾಕ್ಲಿ. ಲಿಂಗನಮಕ್ಕಿಲಿ ಮನೆ ಮುಳುಗಿದವರೂ ಇನ್ನೂ ಇದಾರೆ, ಡ್ಯಾಮ್ ಆಗಿದ್ದು 1964, ಆಗ ಹತ್ತು ವರ್ಷದವರಿಗೆ ಈಗ ಎಪ್ಪತ್ತು ದಾಟಿದೆ. ಇದನ್ನ ಮೂರನೇ ವರ್ಷಕ್ಕೆ ಇಡ್ಬೇಡಿ, ಮೊದಲ ವರ್ಷವೇ ರೆಕಾರ್ಡ್ ಮಾಡ್ಸಿ.
ಮತ್ತೆ ಒಂದು ಕಳಕಳಿ. ಚಿತ್ತಾರ ಬರೆಯೋರನ್ನ ಕರೆಸಿದ್ರೆ ಶಾಲು ಹೊದಿಸಿ ಕಳಿಸ್ಬೇಡಿ, ಗೆಸ್ಟ್ ಲೆಕ್ಚರರ್‌ಗೆ ಕೊಡೋ ದುಡ್ಡೇ ಕೊಡಿ. ಅವರು ಪಾಠ ಮಾಡೋಕೆ ಬಂದಿರ್ತಾರೆ.

ಹಳೇ_ಲಿಪಿ
ಒಂದು ಪೇಪರ್ ಪೂರ್ತಿ ಓದೋ ಕೌಶಲಕ್ಕೆ ಇಡಿ. ಹಳಗನ್ನಡ ಲಿಪಿ, ಕಡತ (ಮಡಚಿಡೋ ಬಟ್ಟೆ ಮೇಲಿನ ಹಳೇ ಬರಹ), ವೀರಗಲ್ಲು. ವೀರಗಲ್ಲಲ್ಲಿ ಕೆಳಗಿನ ಪಟ್ಟಿಕೆಲಿ ಕಾಳಗ, ಮಧ್ಯ ಅಪ್ಸರೆಯರು ಎತ್ಕೊಂಡು ಹೋಗೋದು, ಮೇಲೆ ಶಿವಲಿಂಗ ಅಂತ ಒಂದ್ಸಲ ತೋರಿಸಿದ್ರೆ ಸಾಕು, ಆಮೇಲೆ ಮಕ್ಕಳೇ ತಮ್ಮೂರ ಕಲ್ಲಿನ ಫೋಟೋ ಕಳಿಸ್ತಾರೆ. ಸಂರಕ್ಷಿತ ಸ್ಮಾರಕಗಳಲ್ಲಿ ಪಡಿಯಚ್ಚು (ಶಾಸನದ ಮೇಲೆ ಕಾಗದ ಒತ್ತಿ ತೆಗೆಯೋ ಪ್ರತಿ) ತೆಗೆಯೋಕೆ ಪರ್ಮಿಷನ್ ಬೇಕು, ಅದಿಲ್ಲದೆ ಕಲ್ಲು ಮುಟ್ಟಬೇಡಿ. ಓದೋಕೆ ಅಂತಾದ್ರೆ ಸಂಜೆ ಹೊತ್ತಲ್ಲಿ ಟಾರ್ಚ್ ಪಕ್ಕದಿಂದ ಓರೆಯಾಗಿ ಬಿಡಿ, ಹಗಲು ಕಾಣದ ಅಕ್ಷರ ನೆರಳಲ್ಲಿ ಎದ್ದು ಬರುತ್ತೆ. ಸುಣ್ಣ, ಚಾಕ್‌ಪೀಸ್ ಉಜ್ಜೋಕೆ ಯಾರಿಗೂ ಬಿಡ್ಬೇಡಿ. ಓದಿದ್ದನ್ನ ಹೋಲಿಸಿ ನೋಡೋಕೆ ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 7, 8ನೇ ಸಂಪುಟ ಶಿವಮೊಗ್ಗ ಜಿಲ್ಲೆದೇ, ಶಿಕಾರಿಪುರ 7ರಲ್ಲಿ, ಸೊರಬ ಸಾಗರ 8ರಲ್ಲಿ.

ಹಿಸ್ಟರಿ_ಮೇಡಂ
ತುಂಬಾ ಥ್ಯಾಂಕ್ಸ್ ಎಲ್ರಿಗೂ. ನಿನ್ನೆ ರಾತ್ರಿ ಕೂತು ಹಳೇ ಡ್ರಾಫ್ಟ್ ಪೂರ್ತಿ ತೆಗೆದುಹಾಕ್ದೆ. ಈಗ ತಾಳಗುಂದ-ಬಳ್ಳಿಗಾವಿ ಒಂದು, ಕೆಳದಿ-ಇಕ್ಕೇರಿ ಒಂದು, ಲಿಪಿ ಒಂದು, ಗದ್ದೆ-ಕಾಡು-ಚಿತ್ತಾರ ಒಂದು, ಕಾಗೋಡು ಮತ್ತೆ ಮುಳುಗಡೆ ಒಂದು, ಕೊನೇದು ಅವರವರ ಊರಿನ ಮೇಲೆ ಪ್ರಾಜೆಕ್ಟ್. ಮುಳುಗಡೆಯವರ ಮಾತು ರೆಕಾರ್ಡ್ ಮಾಡೋದು ಮೊದಲ ಸೆಮಿಸ್ಟರ್‌ಗೇ ತಂದಿದೀನಿ. ಫೀಲ್ಡ್ ವರ್ಕ್ ಒಂದು ಕ್ರೆಡಿಟ್‌ಗೆ 30 ಗಂಟೆ ಆಗೋದ್ರಿಂದ ಶನಿವಾರಗಳು ಸಾಲಲ್ಲ, ದಸರಾ ರಜೆ ಸೇರಿಸ್ಬೇಕು.
@ಸಾಗರದ_ಹುಡುಗಿ, ಅಜ್ಜಿ ಈಗಲೂ ಬರೀತಾರಾ? ಕಾಲೇಜಿಗೆ ಅವರನ್ನ ಕರೆಸೋ ಬದ್ಲು, ಅವರು ಒಪ್ಪಿದ್ರೆ ಈ ಸಲ ಭೂಮಿ ಹುಣ್ಣಿಮೆ ಹಿಂದಿನ ದಿನ ನಾಲ್ಕೈದು ಹೆಣ್ಣುಮಕ್ಕಳನ್ನ ಕರ್ಕೊಂಡು ನಾನೇ ನಿಮ್ಮನೆಗೆ ಬರ್ತೀನಿ. ಸಂಭಾವನೆ ವಿಷ್ಯ ಬಜೆಟ್ಟಲ್ಲಿ ಬರೆದಾಗಿದೆ.

ಸಾಗರದ_ಹುಡುಗಿ
ಅಜ್ಜಿಗೆ ಕಣ್ಣು ಮಂಜಾಗಿದೆ ಮೇಡಂ, ಈಗ ಬರೆಯೋದು ಅಮ್ಮ. ಅಜ್ಜಿ ಪಕ್ಕದಲ್ಲಿ ಕೂತು ಎಳೆ ತಪ್ಪಿದ್ರೆ ಹೇಳ್ತಾರೆ. ಬನ್ನಿ, ಆದ್ರೆ ಹಿಂದಿನ ದಿನ ಅಲ್ಲ, ಎರಡು ದಿನ ಮುಂಚೆ ಬನ್ನಿ. ಬುಟ್ಟಿಗೆ ಬಳಿದ ಮಣ್ಣು ಒಣಗ್ಬೇಕು.