ಅಪ್‌ಡೇಟ್: ಮಡಚುವ ಚಾಕುವಿನ ಹಿಡಿಗೆ ಕೊನೆಗೂ ಮೈಕಾರ್ಟಾ

ಟೈಟಾನಿಯಂ ಲೈನರ್ (ಹಿಡಿಯ ಒಳಗಿನ ಲೋಹದ ತಗಡು) ಇರುವ ಚಾಕುವಿನ ಹಿಡಿಗೆ ಬೀಟೆ ಮರ, ಜಿ-10 (ಗಾಜಿನ ನಾರು ಮತ್ತು ರಾಳದ ಹಲಗೆ), ಮೈಕಾರ್ಟಾ (ಬಟ್ಟೆಯ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆ) ಪೈಕಿ ಯಾವುದು ಸರಿ ಎಂದು ಇಲ್ಲಿ ಹಿಂದೆ ಕೇಳಿದ್ದೆ. ಕ್ಯಾನ್ವಾಸ್ ಮೈಕಾರ್ಟಾ ಹಾಕಿ ಕೆಲಸ ಮುಗಿಸಿದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಬೀಟೆ ಬಿಟ್ಟಿದ್ದು ತೇವದ ಕಾರಣಕ್ಕೆ. ಮರ ಹಿಗ್ಗಿ ಕುಗ್ಗುವುದು ಎಳೆಗೆ ಅಡ್ಡಲಾಗಿ. ಲೈನರ್ ಮೇಲೆ ಕೂರುವ 3 ಮಿ.ಮೀ. ಪಟ್ಟಿ ಬಾಗಿದರೆ ಅಂಚು ಲೈನರ್ ಬಿಟ್ಟು ಏಳುತ್ತದೆ, ಸ್ಕ್ರೂ ತೂತಿನ ಬಳಿ ಸೀಳುತ್ತದೆ. ತೇವ ತಡೆಯಲು ರಾಳ ತುಂಬಿಸೋಣವೆಂದರೆ ಇಷ್ಟು ದಟ್ಟವಾದ, ಎಣ್ಣೆಯಂಶದ ಮರ ಅದನ್ನು ಸರಿಯಾಗಿ ಹೀರುವುದಿಲ್ಲ. ಜಿ-10 ಗಟ್ಟಿಯೇ, ಆದರೆ ಅದರ ಗಾಜಿನ ನಾರು ಡ್ರಿಲ್ ಬಿಟ್ಟನ್ನೂ ಅರವನ್ನೂ ಬೇಗ ಮೊಂಡು ಮಾಡುತ್ತದೆ.

ಹಿಡಿಯ ಎರಡೂ ಬದಿಯ ಪಟ್ಟಿಗಳನ್ನು ಡಬಲ್ ಸೈಡ್ ಟೇಪಿನಿಂದ ತಾತ್ಕಾಲಿಕವಾಗಿ ಒಂದಕ್ಕೊಂದು ಅಂಟಿಸಿ ಒಟ್ಟಿಗೇ ಕೊರೆದರೆ ತೂತುಗಳು ನೇರ ಕೂಡುತ್ತವೆ. ಎಂ2 (2 ಮಿ.ಮೀ. ದಪ್ಪದ) ಸ್ಕ್ರೂಗೆ 2.2 ಮಿ.ಮೀ. ತೂತು ಸಾಕು. ಕೆಳಗೆ ಮರದ ತುಂಡು ಇಡಲೇಬೇಕು, ಇಲ್ಲವಾದರೆ ಬಿಟ್ ಹೊರಬರುವ ಕಡೆ ಪದರ ಕಿತ್ತುಬರುತ್ತದೆ. ಸ್ಕ್ರೂ ತಲೆಯ ಕೆಳಗೆ ಪಟ್ಟಿಯ ದಪ್ಪ ಕನಿಷ್ಠ 1.5 ಮಿ.ಮೀ. ಉಳಿಸಿಕೊಳ್ಳಿ. ಪಟ್ಟಿಯನ್ನು ಲೈನರ್‌ಗೆ ಕೂರಿಸಲು ಅಂಟು ಹಾಕಿಲ್ಲ; ಮುಂದೆ ಪಿವಟ್ (ಅಲಗು ತಿರುಗುವ ಕೀಲು) ಬಿಚ್ಚಿ ಶುಚಿ ಮಾಡಲು ಪಟ್ಟಿ ಕಳಚಿ ಬರಬೇಕು.

ಉಜ್ಜಿದ್ದು 120, 220, ಆಮೇಲೆ 400 ಗ್ರಿಟ್ ಮರಳು ಕಾಗದದಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ನುಣುಪು). ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು, ಹೆಚ್ಚು ನುಣುಪಾದರೆ ಹಿಡಿತ ಹೋಗುತ್ತದೆ. ಜಿ-10, ಮೈಕಾರ್ಟಾ ಎರಡರ ಧೂಳೂ ಶ್ವಾಸಕೋಶಕ್ಕೆ ಕೆಟ್ಟದ್ದು: ಪಿ100 (ಅತಿ ಸಣ್ಣ ಧೂಳನ್ನೂ ತಡೆಯುವ) ಫಿಲ್ಟರಿನ ಮಾಸ್ಕ್ ಹಾಕಿ, ನೀರು ಹಚ್ಚಿಯೇ ಉಜ್ಜಿ. ಕೈಯ ಎಣ್ಣೆಗೆ ಮೈಕಾರ್ಟಾದ ಬಣ್ಣ ಕ್ರಮೇಣ ಗಾಢವಾಗುತ್ತದೆ, ಅದು ದೋಷವಲ್ಲ.