ಕಾರ್ಡ್ ಸಾಲ: ಏಜೆಂಟ್ ಹೇಳುವ ಸೆಟಲ್‌ಮೆಂಟ್ ನಂಬಬಹುದಾ, ಇಲ್ಲಾ ದಿವಾಳಿ ಅರ್ಜಿ ಹಾಕಬೇಕಾ?

ಪೀಣ್ಯ_ಸೆಕೆಂಡ್_ಶಿಫ್ಟ್:

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸದಲ್ಲಿದ್ದೆ, ಹೋದ ವರ್ಷ ನಮ್ಮ ಲೈನ್ ಮುಚ್ಚಿದರು. ಈಗ ಬೇರೆ ಕಡೆ ಸೇರಿದ್ದೇನೆ, ಕೈಗೆ ಬರೋದು 26 ಸಾವಿರ. ಕೆಲಸ ಇಲ್ಲದ ತಿಂಗಳುಗಳಲ್ಲಿ ಮನೆ ನಡೆದಿದ್ದೇ ಕಾರ್ಡ್ ಮೇಲೆ. ಎರಡು ಕ್ರೆಡಿಟ್ ಕಾರ್ಡ್ ಸೇರಿ 3.4 ಲಕ್ಷ, ಪರ್ಸನಲ್ ಲೋನ್ 2.1 ಲಕ್ಷ ಬಾಕಿ ಇದೆ. ಬೈಕ್ ಲೋನ್ ಮಾತ್ರ ತಪ್ಪದೆ ಕಟ್ಟುತ್ತಿದ್ದೇನೆ.

ದಿನಾ ವಸೂಲಿ ಏಜೆಂಟರ ಫೋನ್. ನನಗೆ ಮಾಡಿದರೆ ಪರವಾಗಿಲ್ಲ, ತುಮಕೂರಿನಲ್ಲಿರುವ ಮಾವನಿಗೂ ಮಾಡಿ "ನಿಮ್ಮ ಅಳಿಯ ಮೋಸ ಮಾಡಿದ್ದಾನೆ, ಪೊಲೀಸರು ಬರ್ತಾರೆ" ಅಂದಿದ್ದಾರೆ. ನಿನ್ನೆ ಇನ್ನೊಬ್ಬ ಮಾಡಿ, 1.8 ಲಕ್ಷದ ಕಾರ್ಡಿಗೆ 70 ಸಾವಿರ ಕೊಟ್ಟರೆ ಕ್ಲೋಸ್ ಮಾಡಿಸ್ತೀನಿ, ಸಂಜೆಯೊಳಗೆ ಈ ನಂಬರಿಗೆ ಫೋನ್‌ಪೇ ಮಾಡಿ, ನಾಳೆ ಈ ಆಫರ್ ಇರಲ್ಲ ಅಂದ. ಹೆಂಡತಿಯ ಒಡವೆ ಅಡ ಇಟ್ಟರೆ ಅಷ್ಟು ದುಡ್ಡು ಹೊಂದಿಸಬಹುದು. ಕೊಡಲಾ? ಸ್ನೇಹಿತನೊಬ್ಬ ಇದೆಲ್ಲ ಯಾಕೆ, ಸುಮ್ನೆ ದಿವಾಳಿ ಅರ್ಜಿ ಹಾಕಿ ಕೈ ತೊಳೆದುಕೋ ಅನ್ನುತ್ತಾನೆ. ಗೊತ್ತಿರುವವರು ಹೇಳಿ.

ರಿಟೈರ್ಡ್_ಮ್ಯಾನೇಜರ್:

ಮೊದಲು ಇದನ್ನು ಕೇಳಿ. ಆ ನಂಬರಿಗೆ ಒಂದು ರೂಪಾಯಿನೂ ಹಾಕಬೇಡಿ. ಏಜೆಂಟ್‌ಗೆ ಸಾಲ ಮನ್ನಾ ಮಾಡುವ ಅಧಿಕಾರ ಇಲ್ಲ. ಅವನು ಏಜೆನ್ಸಿಯವನು, ವಸೂಲಾದ ದುಡ್ಡಿನ ಮೇಲೆ ಅವರಿಗೆ ಕಮಿಷನ್. "ಸಂಜೆಯೊಳಗೆ" ಅನ್ನೋದು ಅವನ ತಿಂಗಳ ಟಾರ್ಗೆಟ್, ನಿಮ್ಮ ಗಡುವಲ್ಲ. ಇವತ್ತು ಇರುವ ಆಫರ್ ಮುಂದಿನ ತಿಂಗಳೂ ಇರುತ್ತೆ, ಎಷ್ಟೋ ಸಲ ಇನ್ನೂ ಕಮ್ಮಿಗೆ ಬರುತ್ತೆ.

ಮಾತುಕತೆ ನಡೆಯಬೇಕಾದ್ದು ಬ್ಯಾಂಕಿನ ಜೊತೆ. ಬ್ಯಾಂಕಿನ ಅಧಿಕೃತ ಈಮೇಲಿಗೆ ಬರೆಯಿರಿ. ಕೆಲಸ ಹೋಗಿದ್ದು, ಈಗಿನ ಸಂಬಳ, ಒಟ್ಟು ಸಾಲ, ಒಂದೇ ಸಲಕ್ಕೆ ಎಷ್ಟು ಕೊಡಬಲ್ಲಿರಿ, ಇಷ್ಟು ಸಾಕು. ಸ್ಯಾಲರಿ ಸ್ಲಿಪ್ ಲಗತ್ತಿಸಿ. ಜೊತೆಗೆ ಅಸಲು ಎಷ್ಟು, ಬಡ್ಡಿ ಎಷ್ಟು, ಲೇಟ್ ಫೀ ಎಷ್ಟು ಅಂತ ಬಿಡಿಸಿ ಕೊಡಿ ಎಂದು ಕೇಳಿ. ಕಾರ್ಡ್ ಬಡ್ಡಿ ಹೆಚ್ಚಿನ ಕಡೆ ತಿಂಗಳಿಗೆ 3.5 ಪರ್ಸೆಂಟಿನ ಆಸುಪಾಸು, ವರ್ಷಕ್ಕೆ 40 ದಾಟುತ್ತೆ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಹಾಗಾಗಿ 1.8 ಲಕ್ಷದಲ್ಲಿ ನೀವು ನಿಜವಾಗಿ ಖರ್ಚು ಮಾಡಿದ್ದು ಎಷ್ಟು ಅಂತ ತಿಳಿದ ಮೇಲೆ ಚೌಕಾಸಿ ಸುಲಭ. ಅಸಲಿನಿಂದ ಕೆಳಗೆ ಶುರು ಮಾಡಿ.

90 ದಿನ ಕಟ್ಟದಿದ್ದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಅಂತ ಆಗುತ್ತೆ. ಅಲ್ಲಿಂದ ಬ್ಯಾಂಕಿನ ಧಾಟಿಯೇ ಬೇರೆ, ಯಾಕಂದರೆ ಅದಕ್ಕೆ ಅವರು ತಮ್ಮ ಲಾಭದಿಂದ ದುಡ್ಡು ತೆಗೆದಿಡಬೇಕು. ಮಾರ್ಚ್ ಹತ್ತಿರ ಬಂದಾಗಲಂತೂ ಇನ್ನೂ ಮೆತ್ತಗಾಗುತ್ತಾರೆ. ಆದರೆ ರೈಟ್ ಆಫ್ ಮಾಡಿದ್ದೇವೆ ಅಂದರೆ ಸಾಲ ಹೋಯ್ತು ಅಂತ ತಿಳಿಯಬೇಡಿ. ಅದು ಅವರ ಲೆಕ್ಕದ ಪುಸ್ತಕದ ವಿಷಯ, ವಸೂಲಿ ನಡೆಯುತ್ತಲೇ ಇರುತ್ತೆ.

ಒಪ್ಪಿದರೆ ಲೆಟರ್ ಬರಬೇಕು. ಅದರಲ್ಲಿ ನಿಮ್ಮ ಹೆಸರು, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮೊತ್ತ, ತಾರೀಕು, "ಇದು ಕಟ್ಟಿದ ಮೇಲೆ ಬೇರೆ ಬಾಕಿ ಇಲ್ಲ" ಅನ್ನುವ ಸಾಲು, ಇಷ್ಟೂ ಇರಲೇಬೇಕು. ವಾಟ್ಸಾಪ್ ಪಿಡಿಎಫ್ ನಂಬಬೇಡಿ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ದುಡ್ಡು ನೇರ ಕಾರ್ಡ್ ಖಾತೆಗೇ ಹೋಗಬೇಕು.

ಇನ್ನೊಂದು, ಯಾರೂ ಹೇಳಲ್ಲ. ನಿಮ್ಮ ಸಂಬಳದ ಖಾತೆ ಅದೇ ಬ್ಯಾಂಕಿನಲ್ಲಿದ್ದರೆ ಬೇರೆ ಬ್ಯಾಂಕಿಗೆ ಬದಲಾಯಿಸಿ. ಬಾಕಿಗೆ ಅಂತ ಅಲ್ಲೇ ಮುರಿದುಕೊಂಡರೆ ಆ ತಿಂಗಳ ರೇಷನ್‌ಗೂ ದುಡ್ಡಿರಲ್ಲ.

ಧಾರವಾಡ_ಕೋರ್ಟ್_ರೋಡ್:

ವಕೀಲಿಕೆ ಮಾಡುವವನು. ದಿವಾಳಿ ವಿಷಯಕ್ಕಷ್ಟೇ ಬರುತ್ತೇನೆ. ನಿಮ್ಮ ಸ್ನೇಹಿತ ಅಮೆರಿಕದ ಸಿನಿಮಾ ಜಾಸ್ತಿ ನೋಡಿರಬೇಕು. 2016ರ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ವ್ಯಕ್ತಿಗಳಿಗೂ ಒಂದು ಭಾಗ ಇದೆ, ಆದರೆ ಅದು ಜಾರಿಗೆ ಬಂದಿರುವುದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, 2019ರ ಡಿಸೆಂಬರ್‌ನಿಂದ. ನಮ್ಮ ನಿಮ್ಮಂಥವರಿಗೆ ಇನ್ನೂ 1920ರ ಬ್ರಿಟಿಷ್ ಕಾಲದ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅದರಲ್ಲಿ ಅರ್ಜಿ ಹಾಕಲು 500 ರೂಪಾಯಿ ಸಾಲ ಇದ್ದರೆ ಸಾಕು ಅಂತ ಇದೆ, ನೋಡ್ರಿ ಎಷ್ಟು ಹಳೇದು! ಕೋರ್ಟು ನಿಮ್ಮ ಆಸ್ತಿಯನ್ನು ರಿಸೀವರ್, ಅಂದರೆ ತಾನು ನೇಮಿಸಿದ ಉಸ್ತುವಾರಿಯ ಕೈಗೆ ಕೊಡುತ್ತೆ, ಸಾಲದಿಂದ ಬಿಡುಗಡೆ ಸಿಗುವವರೆಗೆ ವರ್ಷಗಟ್ಟಲೆ ಅಲೆದಾಟ, ವಕೀಲರ ಫೀಸು. ಐದೂವರೆ ಲಕ್ಷದ ಸಾಲಕ್ಕೆ ಆ ದಾರಿ ಬೇಡ.

ಹೆದರಬೇಕಾದ್ದು ಏನು, ಹೆದರಬಾರದ್ದು ಏನು ಅಂತ ತಿಳ್ಕೊಳ್ಳಿ. ಕಾರ್ಡ್ ಬಾಕಿ ಸಿವಿಲ್ ವಿಷಯ, ಅದಕ್ಕೆ ಪೊಲೀಸರು ಮನೆಗೆ ಬರುವುದಿಲ್ಲ. ಬ್ಯಾಂಕು ದಾವೆ ಹಾಕಿ ಡಿಕ್ರಿ (ಕೋರ್ಟಿನ ತೀರ್ಪು) ತಂದರೂ ಸಂಬಳದಲ್ಲಿ ಮೊದಲ 1,000 ರೂಪಾಯಿ, ಉಳಿದದ್ದರ ಮೂರರಲ್ಲಿ ಎರಡು ಪಾಲು ಮುಟ್ಟುವ ಹಾಗಿಲ್ಲ. 26 ಸಾವಿರದ ಲೆಕ್ಕದಲ್ಲಿ ಹೆಚ್ಚೆಂದರೆ 8,300ರ ಹತ್ತಿರ ಹೋಗಬಹುದು. ಪಿಎಫ್ ಕೂಡ ಸುರಕ್ಷಿತ. ಆದರೆ ಚೆಕ್ ಕೊಟ್ಟು ಬೌನ್ಸ್ ಆಗಿದ್ದರೆ, ಅಥವಾ ಲೋನ್ ಇಎಂಐಗೆ ಬರೆದುಕೊಟ್ಟ ಆಟೋ ಡೆಬಿಟ್ ವಾಪಸ್ ಆಗಿದ್ದರೆ, ಅದು ಕ್ರಿಮಿನಲ್ ಕೇಸ್ ಆಗಬಹುದು. ಚೆಕ್ಕಿಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ, ಆಟೋ ಡೆಬಿಟ್‌ಗೆ 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಕಲಂ. ಅಂಥ ನೋಟಿಸ್ ಬಂದರೆ ದುಡ್ಡು ಕಟ್ಟಲು 15 ದಿನ ಇರುತ್ತೆ, ಅದನ್ನು ಮಾತ್ರ ಕಪಾಟಿನಲ್ಲಿ ಇಟ್ಟು ಮರೆಯಬೇಡಿ. ನಿಮ್ಮ ಪರ್ಸನಲ್ ಲೋನ್‌ಗೆ ಇದು ಅನ್ವಯ ಆಗುತ್ತೆ, ಹಾಗಾಗಿ ಮೊದಲು ಅದರ ಮಾತುಕತೆ ಶುರು ಮಾಡಿ ಅನ್ನೋದು ನನ್ನ ಸಲಹೆ. ಕಾರ್ಡ್ ಎರಡನೆಯದು.

ಲೋಕ ಅದಾಲತ್ ಕೂಡ ನೋಡಿ. ಕೇಸ್ ದಾಖಲಾಗುವ ಮೊದಲೇ ಅಲ್ಲಿ ರಾಜಿ ಮಾಡಿಸಬಹುದು, ಕೋರ್ಟ್ ಫೀ ಇಲ್ಲ, ಕಂತು ಕೇಳಬಹುದು. ಆದರೆ ಅಲ್ಲಿ ಸಹಿ ಹಾಕಿದ್ದು ಡಿಕ್ರಿಗೆ ಸಮ, ಅಪೀಲು ಇಲ್ಲ. ಏಜೆನ್ಸಿಯವರು "ಲೋಕ ಅದಾಲತ್ ನೋಟಿಸ್" ಅಂತ ತಾವೇ ಪ್ರಿಂಟ್ ಮಾಡಿ ಕಳಿಸುವುದುಂಟು, ಕಾನೂನು ಸೇವಾ ಪ್ರಾಧಿಕಾರಕ್ಕೆ ಫೋನ್ ಮಾಡಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತೆ.

ಮಲೆನಾಡ್_ಅಕ್ಕ:

ನಿಮ್ಮ ಮಾವನಿಗೆ ಫೋನ್ ಮಾಡಿದ್ದೇ ತಪ್ಪು. 2022ರ ಆಗಸ್ಟ್ 12ರಂದು ಆರ್‌ಬಿಐ ಸ್ಪಷ್ಟವಾಗಿ ಹೇಳಿದೆ, ಬೆಳಗ್ಗೆ 8ಕ್ಕೆ ಮೊದಲು ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು, ಮನೆಯವರನ್ನು ಸ್ನೇಹಿತರನ್ನು ಕಾಡಬಾರದು, ಬೆದರಿಸಬಾರದು. ಕಾಲ್ ರೆಕಾರ್ಡ್ ಮಾಡಿ. ಏಜೆಂಟ್ ಮನೆಗೆ ಬಂದರೆ ಐಡಿ, ಬ್ಯಾಂಕಿನ ಅಧಿಕಾರ ಪತ್ರ ಕೇಳಿ, ಅವರು ಅದನ್ನು ಇಟ್ಟುಕೊಂಡಿರಲೇಬೇಕು. ಬ್ಯಾಂಕಿನ ದೂರು ವಿಭಾಗಕ್ಕೆ ತಾರೀಕು ಸಮಯ ಹಾಕಿ ಮೇಲ್ ಮಾಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಸರಿ ಇಲ್ಲದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮೇಲಿನ ದೂರು ಕೇಳುವ ಅಧಿಕಾರಿ) ಆರ್‌ಬಿಐನ ಸಿಎಂಎಸ್ ಎಂಬ ದೂರು ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಖರ್ಚಿಲ್ಲ. ಸಂದೇಹ ಇದ್ದರೆ 14448ಕ್ಕೆ ಫೋನ್ ಮಾಡಿ ಕೇಳಿ. ದೂರು ಕೊಟ್ಟರೆ ಸೆಟಲ್‌ಮೆಂಟ್ ಕೆಡುತ್ತೆ ಅಂತ ಹೆದರಬೇಡಿ, ಎಷ್ಟೋ ಸಲ ಅದರಿಂದಲೇ ಬ್ಯಾಂಕಿನ ಸರಿಯಾದ ವ್ಯಕ್ತಿ ಲೈನಿಗೆ ಬರುತ್ತಾರೆ.

ಒಡವೆ ಮಾತ್ರ ಅಡ ಇಡಬೇಡಿ. ಕಾರ್ಡ್ ಸಾಲಕ್ಕೆ ಅಡಮಾನ ಇಲ್ಲ, ಚಿನ್ನದ ಸಾಲಕ್ಕೆ ಇದೆ. ಕಟ್ಟಲಾಗದಿದ್ದರೆ ಹರಾಜು. ಅದೂ ನಿಮ್ಮ ಹೆಂಡತಿಯ ಒಡವೆ, ನಿಮ್ಮದಲ್ಲ.

ರಿಟೈರ್ಡ್_ಮ್ಯಾನೇಜರ್:

ಅಕ್ಕ ಹೇಳಿದ್ದಕ್ಕೆ ಅರ್ಧ ಮಾತ್ರ ಒಪ್ಪುತ್ತೇನೆ. ಏಜೆಂಟ್‌ಗೆ ಕೊಡಲು ಅಡ ಇಡಬೇಡಿ, ಸರಿ. ಆದರೆ ಬ್ಯಾಂಕಿನ ಲೆಟರ್ ಕೈಯಲ್ಲಿದ್ದು ಅರ್ಧಕ್ಕಿಂತ ಕಮ್ಮಿಗೆ ಮುಗಿಯುವುದಾದರೆ, 40 ಪರ್ಸೆಂಟ್ ಬಡ್ಡಿಯ ಸಾಲ ತೀರಿಸಲು ಅದರ ಕಾಲು ಭಾಗದ ಬಡ್ಡಿಗೆ ಚಿನ್ನದ ಸಾಲ ತೆಗೆಯುವುದು ಲೆಕ್ಕಕ್ಕೆ ನಷ್ಟ ಅಲ್ಲ. ತಿಂಗಳಿಗೆ ಎಷ್ಟು ಉಳಿಯುತ್ತೆ ಅಂತ ಮೊದಲು ನೋಡಿ. ಉಳಿಯದಿದ್ದರೆ ಬೇಡ. ಒಡವೆ ಅವರದ್ದು, ತೀರ್ಮಾನವೂ ಅವರದ್ದೇ, ಅದು ಸರಿ.

ಸಿಬಿಲ್, ಅಂದರೆ ನಿಮ್ಮ ಸಾಲದ ಚರಿತ್ರೆ ಇಡುವ ಸಂಸ್ಥೆ, ಅದರ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ. ಪೂರ್ತಿ ಕಟ್ಟಿದರೆ "ಕ್ಲೋಸ್ಡ್", ಕಮ್ಮಿಗೆ ಮುಗಿಸಿದರೆ "ಸೆಟಲ್ಡ್" ಅಂತ ಬೀಳುತ್ತೆ. ಕೆಲವು ವರ್ಷ ಮನೆ ಸಾಲ ಸಿಗೋದು ಕಷ್ಟ. ಸೆಟಲ್ ಮಾಡಿದ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡಬಾರದು ಅಂತ 2023ರ ಆರ್‌ಬಿಐ ನಿಯಮವೂ ಇದೆ. ನಿಮ್ಮ ಪರಿಸ್ಥಿತಿಯಲ್ಲಿ ಅದೊಂದು ತಲೆನೋವೇ ಅಲ್ಲ, ಹೊಸ ಸಾಲ ಸಿಗದಿದ್ದರೇ ವಾಸಿ.

ಪೀಣ್ಯ_ಸೆಕೆಂಡ್_ಶಿಫ್ಟ್:

ಎಲ್ಲರಿಗೂ ಥ್ಯಾಂಕ್ಸ್. ಏಜೆಂಟ್‌ಗೆ "ಬ್ಯಾಂಕ್ ಲೆಟರ್ ಕಳಿಸಿ, ಆಮೇಲೆ ಮಾತು" ಅಂದೆ, ಬೈದು ಫೋನ್ ಇಟ್ಟ. ಲೋನಿನವರಿಗೂ ಕಾರ್ಡಿನವರಿಗೂ ಮೇಲ್ ಹಾಕಿದ್ದೇನೆ. ಲೋನಿನವರು ಇಎಂಐ ಕಮ್ಮಿ ಮಾಡಿ ಅವಧಿ ಹೆಚ್ಚಿಸಲು ನೋಡುತ್ತೇವೆ ಅಂದಿದ್ದಾರೆ. ಕಾರ್ಡಿನವರು ಒಪ್ಪಿ ಮೂರು ಕಂತು ಕೊಟ್ಟರೆ ತಗೊಳ್ಳಬಹುದಾ?

ಧಾರವಾಡ_ಕೋರ್ಟ್_ರೋಡ್:

ತಗೊಳ್ಳಿ, ಆದರೆ ಒಂದು ಕಂತು ತಪ್ಪಿದರೂ ಸೆಟಲ್‌ಮೆಂಟ್ ರದ್ದು ಅಂತ ಬಹುತೇಕ ಲೆಟರ್‌ಗಳಲ್ಲಿ ಇರುತ್ತೆ. ಆಗ ಕಟ್ಟಿದ್ದು ಹಳೇ ಬಾಕಿಗೆ ಜಮಾ ಆಗಿ, ಉಳಿದದ್ದು ಬಡ್ಡಿ ಸಮೇತ ಮತ್ತೆ ನಿಲ್ಲುತ್ತೆ. ಹಾಗಾಗಿ ಸಂಬಳ 7ಕ್ಕೆ ಬರುವುದಾದರೆ ಕಂತಿನ ತಾರೀಕು 10 ಅಂತ ಹಾಕಿಸಿಕೊಳ್ಳಿ. ಕೊನೆ ಕಂತು ಮುಗಿದ ಮೇಲೆ ನೋ ಡ್ಯೂಸ್ (ಬಾಕಿ ಇಲ್ಲ ಅನ್ನುವ) ಪತ್ರ ತಗೊಂಡು, ಸಿಬಿಲ್ ರಿಪೋರ್ಟ್ ತೆಗೆದು ನೋಡಿ, ವರ್ಷಕ್ಕೊಮ್ಮೆ ಉಚಿತ. ತಪ್ಪಿದ್ದರೆ ಸಿಬಿಲ್‌ಗೋ ಬ್ಯಾಂಕಿಗೋ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ನಿಮಗೆ ಕೊಡಬೇಕಾಗುತ್ತೆ, 2024ರ ಏಪ್ರಿಲ್‌ನಿಂದ ಈ ನಿಯಮ ಇದೆ.