ಹೇಂಟೆಯಾಗಿ ಕಳೆದ ಒಂದು ಮುಂಜಾವು

ಬೇಟೆಗೆ ಹೋಗಿ ಬರಿಗೈಯಲ್ಲಿ ಮರಳಿದವರಿಗೆ ಕಾಫಿ ಕೊಡಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಮಾವನವರು ಎತ್ತಿದಾಗ ಮಧ್ಯಾಹ್ನ 2 ಗಂಟೆಯಾಗಿತ್ತು. ತೀರ್ಥಹಳ್ಳಿಯ ಕಡೆ 34 ವರ್ಷ ಮೇಷ್ಟರಾಗಿದ್ದು ನಿವೃತ್ತರಾದ ಅವರು, ಮಗಳ ಮನೆಯಲ್ಲಿ ಆರು ತಿಂಗಳು ಇರಲೆಂದು ಪಿಟ್ಸ್‌ಬರ್ಗಿಗೆ ಬಂದಿದ್ದಾರೆ. ಇಲ್ಲಿ ಬೇರೆ ವಿದ್ಯಾರ್ಥಿಗಳು ಸಿಕ್ಕದ ಕಾರಣ ಅವರ ಪ್ರಶ್ನೆಗಳೆಲ್ಲವೂ ಅಳಿಯನಾದ ನನ್ನ ಪಾಲಿಗೇ ಬರುತ್ತವೆ. ಆ ಶನಿವಾರ ಮಾತ್ರ ನನ್ನ ಪಕ್ಕದಲ್ಲಿ ಇನ್ನೊಬ್ಬ ಆರೋಪಿಯೂ ಕುಳಿತಿದ್ದ. ಅವನು ಗೋಣಿಕೊಪ್ಪದವನು, ಕೈಲ್‌ಪೊಳ್ದಿನ ದಿನ ಕೋವಿಗೆ ಹೂವು ಮುಡಿಸಿ ಪೂಜಿಸುವ ಮನೆತನದವನು, ಈ ದೇಶದ ಪೌರತ್ವ ಸಿಕ್ಕಿದ ವರ್ಷವೇ ಬೇಟೆಯ ತರಬೇತಿಯನ್ನು ಮುಗಿಸಿ ಪೆನ್ಸಿಲ್ವೇನಿಯಾದ ಲೈಸೆನ್ಸ್ ಪಡೆದವನು. ನಾನಾದರೋ ಲೈಸೆನ್ಸೂ ಇಲ್ಲದ, ಕೋವಿಯೂ ಇಲ್ಲದ, ಥರ್ಮಾಸ್ ಹೊರುವುದಕ್ಕೆಂದೇ ಹೋದ ಬಾಲಂಗೋಚಿ.

"ಕೋಳಿ ಹಿಡಿಯುವುದಕ್ಕೆ ಬೆಳಗಿನ ಜಾವ 3 ಗಂಟೆಗೆ ಏಕೆ ಏಳಬೇಕು?" ಎಂದು ಮಾವ ವಿಚಾರಣೆಯನ್ನು ಆರಂಭಿಸಿದರು.

"ಇದು ಊರ ಕೋಳಿಯಲ್ಲ ಮೇಷ್ಟ್ರೇ, ಕಾಡಿನ ಟರ್ಕಿ. 8–10 ಕಿಲೋ ತೂಗುವ ಹಕ್ಕಿಯಾದರೂ ರಾತ್ರಿ ಮರದ ಮೇಲೆಯೇ ಮಲಗುತ್ತದೆ. ಅದು ಕೆಳಗಿಳಿಯುವ ಮೊದಲೇ ನಾವು ಹೋಗಿ ಮರಸು ಕೂತಿರಬೇಕು" ಎಂದು ಗೆಳೆಯ ವಿವರಿಸಿದ. ಇಲ್ಲಿನ ವಸಂತದ ಬೇಟೆ ಮೇ 1ರ ಆಸುಪಾಸಿನ ಶನಿವಾರ ಆರಂಭವಾಗುತ್ತದೆಂದೂ, ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಶುರುವಾಗುವ ದಿನದ ಬೇಟೆಯನ್ನು ಮೊದಮೊದಲ ವಾರಗಳಲ್ಲಿ ಮಧ್ಯಾಹ್ನ 12 ಗಂಟೆಗೆ ನಿಲ್ಲಿಸಲೇಬೇಕೆಂದೂ, ಹಕ್ಕಿಯ ಹಿಂದೆ ಹೊಂಚುತ್ತ ನಡೆಯುವಂತಿಲ್ಲ, ಒಂದೆಡೆ ಕುಳಿತು ಕರೆದೇ ಬರಮಾಡಿಕೊಳ್ಳಬೇಕೆಂದೂ ಕೇಳಿದ ಮಾವನವರ ಮುಖ ಸ್ವಲ್ಪ ಪ್ರಸನ್ನವಾಯಿತು. "ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ಕದಲದೆ ಕುಳಿತು, ಮಧ್ಯಾಹ್ನದವರೆಗೆ ಬಾಯಿ ಮುಚ್ಚಿಕೊಂಡಿರುವುದು! ನಮ್ಮ ಅಳಿಯಂದಿರಿಂದ ಇದನ್ನು ಮಾಡಿಸಿದ ಸರ್ಕಾರ ಸಾಮಾನ್ಯದ್ದಲ್ಲ" ಎಂದರು.

ಬಾಯಿ ಮುಚ್ಚಿಕೊಂಡಿರುವುದೇ ನನಗೆ ಕಷ್ಟವಾದದ್ದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹೊರಡುವ ಮೊದಲು ನನ್ನ ಹೆಂಡತಿ ಚಳಿಯಾದೀತೆಂದು ತಲೆಗೆ ಹಾಕಿ ಕಳುಹಿಸಿದ್ದ ಕೆಂಪು ಮಂಕಿ ಕ್ಯಾಪನ್ನು ಗೆಳೆಯ ಕಾರಿನಲ್ಲಿಯೇ ಕಿತ್ತು ಹಿಂದಿನ ಸೀಟಿಗೆ ಎಸೆದ. ಟರ್ಕಿ ಹುಂಜದ ಬೋಳು ತಲೆ ಅದರ ಮನಸ್ಸಿನ ಸ್ಥಿತಿಗೆ ತಕ್ಕಂತೆ ಕೆಂಪು, ಬಿಳಿ, ನೀಲಿ ಬಣ್ಣಗಳಿಗೆ ತಿರುಗುವುದರಿಂದ, ಪೊದೆಯ ಹಿಂದೆ ಆ ಬಣ್ಣದ್ದೇನಾದರೂ ಅಲುಗಿದರೆ ಇನ್ನೊಬ್ಬ ಬೇಟೆಗಾರನು ಅದನ್ನೇ ಹಕ್ಕಿಯೆಂದು ತಿಳಿಯುವ ಅಪಾಯವಿದೆಯಂತೆ. ಮೂಗು ಒರೆಸಲು ಬಿಳಿಯ ಕರವಸ್ತ್ರವನ್ನು ತೆಗೆದದ್ದಕ್ಕೂ ಬೈಸಿಕೊಂಡೆ. ನನ್ನ ಹೆಂಡತಿಯ ಕಾಳಜಿಯೇ ನನ್ನನ್ನು ಹುಂಜವನ್ನಾಗಿ ಮಾಡಿ ಮುಗಿಸುತ್ತಿತ್ತೆಂಬ ಸಂಗತಿಯನ್ನು ನಾನು ಮನೆಯಲ್ಲಿ ಇದುವರೆಗೆ ಹೇಳಿಲ್ಲ.

ಓಕ್ ಮರವೊಂದರ ಬೊಡ್ಡೆಗೆ ಬೆನ್ನು ಕೊಟ್ಟು ನಾವು ಕುಳಿತಾಗ ಇನ್ನೂ ಕಗ್ಗತ್ತಲೆ. ಮೊದಲಿಗೆ ಗೆಳೆಯ ಎರಡೂ ಕೈಗಳನ್ನು ಬಾಯಿಗೆ ಹಿಡಿದು ಗೂಬೆಯಂತೆ ಕೂಗಿದ.

"ಶುಭವಾಗಲೆಂದು ಹೊರಟವರು ಗೂಬೆ ಕೂಗುವುದುಂಟೇ?" ಎಂದು ಮಾವ ಇಲ್ಲಿ ತಡೆದರು.

"ಗೂಬೆಯ ಸದ್ದು ಕೇಳಿದರೆ ಹುಂಜಕ್ಕೆ ತಡೆದುಕೊಳ್ಳಲಾಗುವುದಿಲ್ಲ ಮೇಷ್ಟ್ರೇ, ಮರದ ಮೇಲಿಂದಲೇ ಗುಳುಗುಳು ಎಂದು ಉತ್ತರಿಸಿ ತಾನಿರುವ ಜಾಗವನ್ನು ತಿಳಿಸಿಬಿಡುತ್ತದೆ."

"ಹಾಗಾದರೆ ಅದು ಕೊನೆಯ ಬೆಂಚಿನ ಹುಡುಗ. ಹಾಜರಿ ಕೂಗುವಾಗ ಬೇರೆಯವರ ಹೆಸರಿಗೂ ಎದ್ದು ನಿಂತು 'ಬಂದಿದ್ದೇನೆ' ಎನ್ನುತ್ತಿದ್ದವರನ್ನು ನಾನು ಬಲ್ಲೆ."

ಹುಂಜ ಉತ್ತರ ಕೊಟ್ಟದ್ದು ನಿಜ. ಅನಂತರ ಗೆಳೆಯ ನಾಲಿಗೆ ಮತ್ತು ಅಂಗುಳದ ನಡುವೆ ಒಂದು ರಬ್ಬರ್ ಪೊರೆಯ ಸೀಟಿಯನ್ನಿಟ್ಟುಕೊಂಡು ಹೇಂಟೆಯ ದನಿಯಲ್ಲಿ ಮೆಲ್ಲಗೆ ಕರೆಯತೊಡಗಿದ. ಅಂಕಿ-ಸಂಖ್ಯೆಯ ಉದ್ಯೋಗದಲ್ಲಿರುವ, ಆರಡಿ ಎತ್ತರದ, ಮೀಸೆ ಹೊತ್ತ ಗಂಡಸೊಬ್ಬನು ಕತ್ತಲೆಯಲ್ಲಿ ಕಣ್ಣು ಅರೆಮುಚ್ಚಿ, ಕುತ್ತಿಗೆಯನ್ನು ಓರೆ ಮಾಡಿ, ಅಷ್ಟು ನಾಚಿಕೆಯಿಂದ ಕೊಕ್ಕೊಕ್ ಎನ್ನುವುದನ್ನು ಒಂದಡಿ ದೂರದಲ್ಲಿ ಕುಳಿತು ನೋಡಿಯೂ ನಗದಿರುವುದು ಎಂಥ ತಪಸ್ಸೆಂಬುದನ್ನು ಅನುಭವಿಸಿದವರೇ ಬಲ್ಲರು. ನಾನು ಮಫ್ಲರನ್ನು ಕಚ್ಚಿಕೊಂಡಿದ್ದೆ.

ಕರೆಯುವುದೇನೋ ಸರಿ, ಆದರೆ ಈ ಬೇಟೆಯ ತೊಡಕೆಲ್ಲ ಇರುವುದು ಲೋಕಾರೂಢಿಯನ್ನು ತಲೆಕೆಳಗು ಮಾಡುವುದರಲ್ಲಿ. ಟರ್ಕಿಗಳಲ್ಲಿ ಹುಂಜ ನಿಂತಲ್ಲಿಯೇ ಗರಿಗೆದರಿ, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಕೂಗುತ್ತದೆ. ಹೇಂಟೆ ಅದನ್ನು ಹುಡುಕಿಕೊಂಡು ಹೋಗುತ್ತದೆ. ಬೇಟೆಗಾರನೆಂಬ ಹೇಂಟೆ ಮಾತ್ರ ಕುಳಿತಲ್ಲಿಂದ ಏಳದೆ, ನೀನೇ ಬಾ ಎನ್ನುತ್ತದೆ. "ಅಂದರೆ ವರನೇ ಹೆಣ್ಣು ನೋಡಲು ಬರಬೇಕೆಂದು ಹಟ ಹಿಡಿದಿರಿ. ಅವನು ಏನೆಂದ?" ಎಂದು ಮಾವ ಕೇಳಿದರು. ಅವನು ನಮ್ಮಿಂದ 60 ಗಜ ದೂರದಲ್ಲಿ, ಬಿದ್ದ ಮರವೊಂದರ ಆಚೆ, ಮುಕ್ಕಾಲು ಗಂಟೆ ಶತಪಥ ತಿರುಗಿದ. ಆಮೇಲೆ ಎರಡು ನಿಜವಾದ ಹೇಂಟೆಗಳು ಎಲ್ಲಿಂದಲೋ ಬಂದು ಅವನನ್ನು ಕರೆದುಕೊಂಡು ಹೊರಟೇಹೋದವು.

"ಒಳ್ಳೆಯದೇ ಆಯಿತು" ಎಂದರು ಮಾವ. "ಜೊತೆಗಾತಿಯೊಡನೆ ಮೈಮರೆತಿದ್ದ ಗಂಡು ಹಕ್ಕಿಗೆ ಬಾಣ ಬಿಟ್ಟ ಬೇಡನಿಗೆ ನಮ್ಮ ಆದಿಕವಿ ಏನೆಂದು ಶಪಿಸಿದನೆಂಬುದು ತಿಳಿದಿದೆಯಷ್ಟೇ? ನೀವು ಅದೇ ಕೆಲಸವನ್ನು ಲೈಸೆನ್ಸ್ ಪಡೆದು ಮಾಡುತ್ತಿದ್ದೀರಿ."

ಗೆಳೆಯನಿಗೆ ಈ ಮಾತು ಸ್ವಲ್ಪ ತಾಗಿತು. ಒಂದು ಹುಂಜ ಹಲವು ಹೇಂಟೆಗಳನ್ನು ಕೂಡುವುದರಿಂದಲೂ, ಬೇಟೆ ತೆರೆಯುವ ಹೊತ್ತಿಗೆ ಬಹುಪಾಲು ಹೇಂಟೆಗಳು ಮೊಟ್ಟೆಯಿಡುವುದರಲ್ಲಿ ಅಥವಾ ಕಾವು ಕೂರುವುದರಲ್ಲಿ ತೊಡಗಿರುವುದರಿಂದಲೂ ಕೆಲವು ಹುಂಜಗಳು ಕಡಿಮೆಯಾದರೆ ಸಂತತಿಗೆ ಹೆಚ್ಚಿನ ನಷ್ಟವಿಲ್ಲವೆಂದು ಅವನು ವಾದಿಸಿದ. ಎದೆಯಲ್ಲಿ ಗಡ್ಡ ಜೋಲುವ ಹಕ್ಕಿಗೆ ಮಾತ್ರ ಗುಂಡು ಹಾಕಬೇಕೆಂಬ ಕಟ್ಟಳೆಯನ್ನೂ ಮುಂದಿಟ್ಟ. ಕುದುರೆಯ ಬಾಲದ ಕೂದಲಿನಂತೆ ಕಾಣುವ ಆ ಗಡ್ಡ ವಾಸ್ತವವಾಗಿ ಒಂದು ಬಗೆಯ ಗರಿ. ಅಪರೂಪಕ್ಕೆ ಹೇಂಟೆಗಳಿಗೂ ಅದು ಬೆಳೆಯುವುದುಂಟು, ಬೆಳೆದರೆ ಕಾನೂನಿನ ದೃಷ್ಟಿಯಲ್ಲಿ ಅವುಗಳಿಗೂ ರಕ್ಷಣೆಯಿಲ್ಲ. "ನಮ್ಮ ಕಛೇರಿಗಳಲ್ಲೂ ಹಾಗೆಯೇ; ಕಾಗದದಲ್ಲಿರುವುದೇ ಲಿಂಗ" ಎಂದು ಮಾವ ತಲೆಯಾಡಿಸಿದರು.

ಆದರೆ ಅವರನ್ನು ನಿಜವಾಗಿ ಗೆದ್ದದ್ದು ಬೇರೊಂದು ಕಥೆ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಕಾಡು ಕಡಿದು, ಮಿತಿಯಿಲ್ಲದೆ ಕೊಂದು, ಅಮೆರಿಕದ ಬಹುಭಾಗದಲ್ಲಿ ಈ ಹಕ್ಕಿಯೇ ಇಲ್ಲವಾಗಿತ್ತು. 1937ರ ಕಾಯಿದೆಯೊಂದರಿಂದ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯ ಹಣ ವನ್ಯಜೀವಿಗಳ ಉದ್ಧಾರಕ್ಕೆ ಸಿಗುವಂತಾಯಿತು. ಫಾರಂಗಳಲ್ಲಿ ಮರಿ ಮಾಡಿಸಿ ಕಾಡಿಗೆ ಬಿಟ್ಟ ಟರ್ಕಿಗಳು ಬದುಕಲಿಲ್ಲ. ತಾಯಿಯ ಹಿಂದೆ ತಿರುಗಿ ನರಿಯೆಂದರೇನು, ಗಿಡುಗವೆಂದರೇನು ಎಂಬುದನ್ನು ಅವು ಕಲಿತಿರಲಿಲ್ಲ. ಕೊನೆಗೆ, ಕಾಳು ಮುಕ್ಕುತ್ತಿರುವ ನಿಜವಾದ ಕಾಡು ಹಕ್ಕಿಗಳ ಮೇಲೆ ಸಣ್ಣ ಫಿರಂಗಿಗಳಿಂದ ಬಲೆ ಹಾರಿಸಿ ಹಿಡಿದು, ಹಕ್ಕಿಯಿಲ್ಲದ ಕಾಡುಗಳಿಗೆ ಒಯ್ದು ಬಿಟ್ಟಾಗ ಸಂತತಿ ಚಿಗುರಿತು. "ಪಾಠವಿಲ್ಲದೆ ಪಾಸಾದವರು ಕಾಡಿನಲ್ಲಿಯೂ ಉಳಿಯುವುದಿಲ್ಲ ಅನ್ನಿ" ಎಂದು ಮಾವನವರು ಗೆಳೆಯನ ಲೋಟಕ್ಕೆ ತಾವೇ ಇನ್ನಷ್ಟು ಕಾಫಿ ಬಗ್ಗಿಸಿದರು.

ಕಾಫಿ ಬಂದ ಮೇಲೆ ಮಾತು ಹೆಸರಿಗೆ ಹೊರಳಿತು. ಅಮೆರಿಕದಲ್ಲಿ ಹುಟ್ಟಿದ ಹಕ್ಕಿಗೆ ಇಂಗ್ಲಿಷರು ಟರ್ಕಿ ದೇಶದ ಹೆಸರಿಟ್ಟರೆ, ಟರ್ಕಿಯವರು ಅದನ್ನು 'ಹಿಂದಿ' ಎಂದು ನಮ್ಮ ತಲೆಗೆ ಕಟ್ಟಿದರು. ಡಚ್ಚರಂತೂ 'ಕಲ್ಕೂನ್' ಎಂದು ಕಲ್ಲಿಕೋಟೆಯ ವಿಳಾಸವನ್ನೇ ಬರೆದರು. 1612ರಲ್ಲಿ ಗೋವೆಯಿಂದ ಬಂದ ಇಂಥದೊಂದು ಹುಂಜವನ್ನು ಕಂಡು ಜಹಾಂಗೀರನು ಬೆರಗಾಗಿ, ಉಸ್ತಾದ್ ಮನ್ಸೂರನಿಂದ ಚಿತ್ರ ಬರೆಸಿದನೆಂದೂ, ಅದರ ತಲೆ ಹವಳದಂತೆ ಕೆಂಪಾಗಿ ಮರುಗಳಿಗೆ ಹತ್ತಿಯಂತೆ ಬೆಳ್ಳಗಾಗುವುದನ್ನು ತಾನೇ ಬರೆದಿಟ್ಟನೆಂದೂ ಮಾವನವರು ಪಾಠದ ದನಿಯಲ್ಲಿ ಹೇಳಿದರು. ಗೆಳೆಯನೂ ಸೋಲದೆ, ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಮಗಳಿಗೆ ಬರೆದ ಪತ್ರದಲ್ಲಿ ಹದ್ದಿಗಿಂತ ಟರ್ಕಿಯೇ ಹೆಚ್ಚು ಮರ್ಯಾದಸ್ಥ ಹಕ್ಕಿಯೆಂದಿದ್ದನೆಂದು ಪ್ರತಿಯಾಗಿ ಎಸೆದ.

"ಇಷ್ಟೆಲ್ಲ ತಿಳಿದವರ ಕೈಯಿಂದ ಅದು ತಪ್ಪಿಸಿಕೊಂಡದ್ದು ಹೇಗೆ?" ಎಂಬ ಪ್ರಶ್ನೆ ಕೊನೆಗೂ ಬಂದೇ ಬಂದಿತು. ಗೆಳೆಯ ಮಾತಾಡದೆ ನನ್ನ ಕಡೆ ನೋಡಿದ.

ಹತ್ತೂವರೆಯ ಹೊತ್ತಿಗೆ ಹೇಂಟೆಗಳು ಗೂಡಿಗೆ ಹೋದ ಮೇಲೆ ಒಂಟಿಯಾದ ಹುಂಜ ನಮ್ಮ ಕರೆಯನ್ನು ನೆನೆದು, ಸದ್ದೇ ಮಾಡದೆ, ಎಡಗಡೆಯಿಂದ ಬಂದಿತು. 35 ಗಜ. ಎದೆಯ ಗರಿಗಳು ಬಿಸಿಲಿಗೆ ತಾಮ್ರದ ಹಂಡೆಯಂತೆ ಹೊಳೆಯುತ್ತಿದ್ದವು. ಕೊಕ್ಕಿನ ಮೇಲಿಂದ ಕೆಂಪು ಮಾಂಸದ ಎಳೆಯೊಂದು ಜೋತು ಅಲುಗುತ್ತಿತ್ತು. ಈ ಹಕ್ಕಿಗೆ ಮೂಗು ಮಂದವಾದ್ದರಿಂದ ನಮ್ಮ ಕಾಫಿಯ ಪರಿಮಳಕ್ಕೆ ಅದು ಅಂಜಲಿಲ್ಲ, ಆದರೆ ಕಣ್ಣು ಬಹಳ ಚುರುಕು. ಗೆಳೆಯನ ಕೋವಿ ಗೆಣ್ಣು ಗೆಣ್ಣಾಗಿ ಎಡಕ್ಕೆ ಸರಿಯುತ್ತಿರುವಾಗ ನನ್ನ ಕುತ್ತಿಗೆಯ ಮೇಲೆ ಏನೋ ಹರಿದಾಡಿತು. ಉಣುಗು! ನಾನು ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಸೀಮೆಯವನು. 1957ರಲ್ಲಿ ಆ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರಿನ ಹೆಸರನ್ನು ಕೇಳುತ್ತಲೇ ಬೆಳೆದವನು. ಇಲ್ಲಿಯ ಉಣುಗು ಬೇರೆ, ಅದು ತರುವ ಲೈಮ್ ರೋಗವೇ ಬೇರೆ ಎಂದು ಬುದ್ಧಿ ತಿಳಿಸುವ ಮೊದಲೇ ಕೈ ಎದ್ದು ಕುತ್ತಿಗೆಯ ಮೇಲೆ ಪಟ್ಟೆಂದು ಬಿದ್ದಿತ್ತು. ಹುಂಜವೂ 'ಪಟ್' ಎಂದೇ ಉತ್ತರಿಸಿತು. ಅವುಗಳ ಭಾಷೆಯಲ್ಲಿ ಅದಕ್ಕೆ 'ಓಡು' ಎಂದರ್ಥವಂತೆ. ಕೈಗೆ ಸಿಕ್ಕಿದ್ದು ಓಕ್ ಮರದ ಒಂದು ಒಣ ಹೂಗೊಂಚಲು. ಕಾರು ಸೇರುವವರೆಗೂ ಗೆಳೆಯ ನನ್ನೊಡನೆ ಮಾತಾಡಲಿಲ್ಲ.

ಇದನ್ನೆಲ್ಲ ಕೇಳುತ್ತ ಮಾವನವರು ಗೆಳೆಯನ ಚೀಲದಿಂದ ಒಂದು ದುಂಡನೆಯ ಸ್ಲೇಟನ್ನೂ ಕಡ್ಡಿಯನ್ನೂ ಹೊರತೆಗೆದಿದ್ದರು. ಕಡ್ಡಿಯನ್ನು ಸ್ಲೇಟಿನ ಮೇಲೆ ಒತ್ತಿ ಸಣ್ಣ ಸುತ್ತು ಎಳೆದರೆ ಹೇಂಟೆಯ ದನಿ ಹೊರಡುವ ಉಪಕರಣ ಅದು. ಗೆಳೆಯನಿಗೆ ಎರಡು ವರ್ಷವಾದರೂ ಒಲಿದಿಲ್ಲ. "ಬಳಪ ಕಿರುಗುಟ್ಟಿಸುವುದನ್ನು ನನಗೆ ಹೇಳಿಕೊಡುತ್ತೀರಾ?" ಎನ್ನುತ್ತ ಮಾವ ನಾಲ್ಕು ಗೀರು ಎಳೆದರು. ಹಿತ್ತಲಿನ ಬೇಲಿಯಾಚೆಯ ಮರಗಳ ನಡುವಿನಿಂದ ಗುಳುಗುಳು ಎಂಬ ಉತ್ತರ ಬಂದಿತು. ಮತ್ತೆ ನಾಲ್ಕು ಗೀರು. ಐದೇ ನಿಮಿಷದಲ್ಲಿ ಗೇಣುದ್ದ ಗಡ್ಡದ ಹುಂಜವೊಂದು ಬೇಲಿಯನ್ನು ಹಾರಿ, ನನ್ನ ಹೆಂಡತಿ ನೆಟ್ಟಿದ್ದ ಮೆಂತ್ಯದ ಮಡಿಯನ್ನು ತುಳಿದು, ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ ಬಾಲ ಬಿಚ್ಚಿ ನಿಂತಿತು.

ಗಂಟೆ 12 ದಾಟಿ ಬಹಳ ಹೊತ್ತಾಗಿತ್ತು; ಮನೆಗಳಿಂದ 150 ಗಜದೊಳಗೆ ಬೇಟೆ ನಿಷಿದ್ಧ; ಕೋವಿ ಕಾರಿನ ಡಿಕ್ಕಿಯಲ್ಲಿ ಬೀಗದೊಳಗಿತ್ತು. ಗೆಳೆಯ ಕಾಫಿಯ ಲೋಟವನ್ನು ಎದೆಗವಚಿಕೊಂಡು ಕಲ್ಲಾಗಿ ಕುಳಿತಿದ್ದ.

"ಬಂದರು ನೋಡಿ" ಎಂದು ಮಾವನವರು ಪಿಸುಗುಟ್ಟಿದರು. "ಇನ್ನು ಕುತ್ತಿಗೆ ಕೆರೆದುಕೊಳ್ಳುವುದಾದರೆ ನಮ್ಮ ಅಳಿಯಂದಿರು ಒಳಗೆ ಹೋಗಬಹುದು."